ಗ್ಯಾಸ್ ಹಡಗು ತರುವುದು ಸುಲಭ, ಮಳೆಗಾಲದಲ್ಲಿ ಕಟ್ಟಿ ನಿಲ್ಲಿಸುವುದೇ ಕಷ್ಟ

ಮಂಗಳೂರು: ಕರಾವಳಿಗೆ ಸ್ವಂತದ್ದೊಂದು ಎಲ್‌ಎನ್‌ಜಿ ಟರ್ಮಿನಲ್ ಬೇಕು ಅನ್ನುವ ಮಾತು ಹೊಸದಲ್ಲ. 2013ರಲ್ಲೇ ಒಎನ್‌ಜಿಸಿ, ಬಿಪಿಸಿಎಲ್ ಮತ್ತು ಜಪಾನಿನ ಮಿಟ್ಸುಯಿ ಕಂಪನಿಗಳು ನವಮಂಗಳೂರು ಬಂದರಿನ ಜತೆ ಸೇರಿ ಇದರ ಸಾಧ್ಯತೆ ನೋಡಲು ಒಪ್ಪಂದ ಮಾಡಿಕೊಂಡಿದ್ದವು. ಟರ್ಮಿನಲ್ ಬರಲಿಲ್ಲ. ಬದಲಿಗೆ ಕೊಚ್ಚಿಯಿಂದ ಪೈಪ್‌ಲೈನ್ ಬಂತು. 2021ರ ಜನವರಿ 5ರಂದು ಪ್ರಧಾನಿ ಉದ್ಘಾಟಿಸಿದ ಗೇಲ್‌ನ ಈ 450 ಕಿ.ಮೀ. ಪೈಪ್‌ಲೈನ್ ಇವತ್ತು ಎಂಸಿಎಫ್‌ಗೂ ಎಂಆರ್‌ಪಿಎಲ್‌ಗೂ ಮನೆಮನೆಯ ಅಡುಗೆ ಒಲೆಗೂ ದಾರಿ.

ಆದರೂ ಗ್ಯಾಸ್ ಪೂರೈಕೆಯ ಚಿಂತೆ ಎದ್ದಾಗಲೆಲ್ಲ ಟರ್ಮಿನಲ್ ಮಾತು ಮತ್ತೆ ತಲೆ ಎತ್ತುತ್ತದೆ. ಈಗ ಅದಕ್ಕೆ ಹೊಸ ರೂಪವೂ ಸಿಕ್ಕಿದೆ. ದಡದಲ್ಲಿ ದೊಡ್ಡ ಟ್ಯಾಂಕ್ ಕಟ್ಟುವುದೇ ಬೇಡ, ತೇಲುವ ಟರ್ಮಿನಲ್ ತಂದು ನಿಲ್ಲಿಸಿದರೆ ಆಯಿತು ಎನ್ನುವ ವಾದ ಅದು. ಕೇಳಲು ಸುಲಭ. ಆದರೆ ಅರಬ್ಬಿ ಸಮುದ್ರದ ಮಳೆಗಾಲ ಕಂಡವರು ಕೇಳಬೇಕಾದ ಮೊದಲ ಪ್ರಶ್ನೆಯೇ ಬೇರೆ: ಆ ಹಡಗನ್ನು ಎಲ್ಲಿ, ಯಾವುದಕ್ಕೆ, ಹೇಗೆ ಕಟ್ಟುತ್ತೀರಿ?

ತೇಲುವ ಟರ್ಮಿನಲ್ ಅಂದರೆ ಏನು?

ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗೆ ಮಾಡಿದರೆ ಅದು ದ್ರವವಾಗುತ್ತದೆ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ಎಲ್‌ಎನ್‌ಜಿ. ಕತಾರ್‌ನಿಂದಲೋ ಆಸ್ಟ್ರೇಲಿಯಾದಿಂದಲೋ ಹಡಗಿನಲ್ಲಿ ಬರುವ ಈ ದ್ರವವನ್ನು ಮತ್ತೆ ಅನಿಲ ಮಾಡಿ ಪೈಪ್‌ಲೈನ್‌ಗೆ ಬಿಡಬೇಕು. ಕೊಚ್ಚಿಯಲ್ಲಿ ಈ ಕೆಲಸ ದಡದ ಮೇಲೆ ನಡೆಯುತ್ತದೆ. ತೇಲುವ ಟರ್ಮಿನಲ್‌ನಲ್ಲಿ ಟ್ಯಾಂಕೂ ಯಂತ್ರವೂ ಒಂದೇ ಹಡಗಿನ ಮೇಲಿರುತ್ತವೆ. ಎಫ್‌ಎಸ್‌ಆರ್‌ಯು ಎನ್ನುವುದು ಇದಕ್ಕೇ. ಸುಮಾರು 300 ಮೀಟರ್ ಉದ್ದದ ಈ ಹಡಗು ವರ್ಷಗಟ್ಟಲೆ ಒಂದೇ ಕಡೆ ನಿಂತಿರುತ್ತದೆ. ಬೇರೆ ಹಡಗುಗಳು ಬಂದು ಅದಕ್ಕೆ ಎಲ್‌ಎನ್‌ಜಿ ತುಂಬಿಸಿ ಹೋಗುತ್ತವೆ.

ಇದರ ದೊಡ್ಡ ಆಕರ್ಷಣೆ ವೇಗ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ರಷ್ಯಾದ ಗ್ಯಾಸ್ ನಂಬಿದ್ದ ಜರ್ಮನಿ ಅದೇ ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ಸ್‌ಹಾವೆನ್‌ನಲ್ಲಿ ತೇಲುವ ಟರ್ಮಿನಲ್ ಉದ್ಘಾಟಿಸಿಯೇ ಬಿಟ್ಟಿತು. ಆದರೆ ವಿಲ್ಹೆಲ್ಮ್ಸ್‌ಹಾವೆನ್ ಇರುವುದು ಕೊಲ್ಲಿಯೊಳಗೆ. ಪಣಂಬೂರಿನ ಎದುರಿಗಿರುವುದು ತೆರೆದ ಕಡಲು.

ಹಗ್ಗದ ಲೆಕ್ಕ

ಮೂರಿಂಗ್ ಅಂದರೆ ಹಡಗನ್ನು ಕಟ್ಟಿ ನಿಲ್ಲಿಸುವ ವ್ಯವಸ್ಥೆ. ಬೋಟ್ ಕಟ್ಟಿದವರಿಗೆಲ್ಲ ಇದರ ತತ್ವ ಗೊತ್ತು: ಹಗ್ಗ ತೀರಾ ಬಿಗಿಯಾದರೆ ತುಂಡಾಗುತ್ತದೆ, ತೀರಾ ಸಡಿಲವಾದರೆ ಬೋಟ್ ಹೋಗಿ ಗುದ್ದುತ್ತದೆ. 300 ಮೀಟರ್ ಹಡಗಿಗೂ ಇದೇ ನಿಯಮ. ಬದಲಾಗುವುದು ಅಂಕೆ ಮಾತ್ರ.

ನೀರಿನ ಮೇಲೆ 25 ಮೀಟರ್ ಎತ್ತರ ಕಾಣುವ ಹಡಗು ಅಂತ ಇಟ್ಟುಕೊಳ್ಳಿ. ಅದರ ಒಂದು ಪಕ್ಕವೇ 7,500 ಚದರ ಮೀಟರ್ ಗೋಡೆ. ಗಂಟೆಗೆ 55 ಕಿ.ಮೀ. ವೇಗದ ಅಡ್ಡಗಾಳಿ ಬೀಸಿದರೆ ಆ ಗೋಡೆಯ ಮೇಲೆ ಬೀಳುವ ಒತ್ತಡ ಸರಳ ಲೆಕ್ಕದಲ್ಲಿ 100 ಟನ್‌ಗಿಂತ ಹೆಚ್ಚು. ಗಾಳಿಯ ವೇಗ ದುಪ್ಪಟ್ಟಾದರೆ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ ಚಂಡಮಾರುತದ 110 ಕಿ.ಮೀ. ಗಾಳಿಗೆ 400 ಟನ್ ದಾಟುತ್ತದೆ. ಇದು ಬರೀ ಗಾಳಿಯ ಲೆಕ್ಕ. ಅಲೆ ಮತ್ತು ನೀರಿನ ಸೆಳೆತ ಇನ್ನೂ ಸೇರಿಲ್ಲ.

ಗಾಳಿಗಿಂತ ಕಿತಾಪತಿ ಮಾಡುವುದು ದೂರದಿಂದ ಬರುವ ಉದ್ದನೆಯ ಅಲೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಅನ್ನುತ್ತಾರೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಬಿಸಿಲು ಹೊಡೆಯುತ್ತಿರುತ್ತದೆ. ಆದರೆ ದಕ್ಷಿಣ ಮಹಾಸಾಗರದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ಬಂದು ದಡಕ್ಕೆ ಬಡಿಯುತ್ತದೆ. ಕಟ್ಟಿದ ಹಡಗಿಗೂ ಉಯ್ಯಾಲೆಯಂತೆ ತನ್ನದೇ ಒಂದು ಲಯ ಇರುತ್ತದೆ. ಅಲೆಯ ಲಯ ಅದಕ್ಕೆ ಹೊಂದಿಬಿಟ್ಟರೆ ಸಣ್ಣ ಅಲೆಯೂ ದೊಡ್ಡ ಹಡಗನ್ನು ಹಿಂದೆ ಮುಂದೆ ಎಳೆದಾಡುತ್ತದೆ.

‘ಇಂಟಿಗ್ರೇಟೆಡ್ ಮೂರಿಂಗ್’ ಅಂತ ಈಗ ಕರೆಯುವುದು ಇದನ್ನೆಲ್ಲ ಒಟ್ಟಿಗೆ ನೋಡುವ ವ್ಯವಸ್ಥೆಯನ್ನು. ಪ್ರತಿ ಹಗ್ಗದ ಕೊಕ್ಕೆಯಲ್ಲೂ ಭಾರ ಅಳೆಯುವ ಸೆನ್ಸರ್ ಇರುತ್ತದೆ. ತುರ್ತು ಬಂದರೆ ಆ ಕೊಕ್ಕೆ ಕ್ಷಣದಲ್ಲಿ ಬಿಚ್ಚಿಕೊಳ್ಳಬೇಕು. ಹಡಗು ದಡಕ್ಕೆ ಬರುವ ವೇಗ, ಗಾಳಿ, ಅಲೆ, ಹಗ್ಗದ ಬಿಗಿ, ಗ್ಯಾಸ್ ಪೈಪಿನ ಸ್ಥಿತಿ ಎಲ್ಲವೂ ಒಂದೇ ಪರದೆಯ ಮೇಲೆ ಬರಬೇಕು. ಹಡಗು ಮಿತಿ ಮೀರಿ ಅಲುಗಾಡಿದರೆ ಮೊದಲು ಗ್ಯಾಸ್ ಬಂದ್, ಆಮೇಲೆ ಪೈಪ್ ಬಿಡುಗಡೆ, ಕೊನೆಗೆ ಹಗ್ಗ. ಈ ಕ್ರಮ ತಪ್ಪಿದರೆ ಅನಾಹುತ.

ಇಲ್ಲೇ ಇರುವ ಅನುಭವ

ಮಂಗಳೂರಿಗೆ ಕಡಲ ಮಧ್ಯೆ ಹಡಗು ಕಟ್ಟುವುದು ಹೊಸತೇನಲ್ಲ. ತೀರದಿಂದ ಸುಮಾರು 16 ಕಿ.ಮೀ. ದೂರದಲ್ಲಿ ಎಂಆರ್‌ಪಿಎಲ್‌ನ ಸಿಂಗಲ್ ಪಾಯಿಂಟ್ ಮೂರಿಂಗ್ (ಎಸ್‌ಪಿಎಂ) 2013ರಿಂದ ಇದೆ. ಸಮುದ್ರದ ತಳಕ್ಕೆ ಸರಪಳಿಯಿಂದ ಬಿಗಿದ ಉಕ್ಕಿನ ದೊಡ್ಡ ಬೋಯ್ ಅದು. ಬಂದರಿನೊಳಗೆ ಬರಲಾಗದಷ್ಟು ದೊಡ್ಡ ಕಚ್ಚಾತೈಲದ ಹಡಗು ಅದಕ್ಕೆ ಮೂತಿ ಕಟ್ಟಿಕೊಂಡು, ಗಾಳಿ ಬಂದ ಕಡೆ ತಿರುಗುತ್ತಾ ತೈಲ ಇಳಿಸುತ್ತದೆ.

ಆದರೆ ಅದನ್ನೇ ತೋರಿಸಿ ‘ಗ್ಯಾಸಿಗೂ ಹೀಗೇ ಮಾಡಬಹುದಲ್ಲ’ ಅಂದರೆ ಸರಿಯಾಗದು. ತೈಲದ ಹಡಗು ಒಂದೆರಡು ದಿನದ ಅತಿಥಿ. ಹವಾಮಾನ ಕೆಟ್ಟರೆ ಬಿಚ್ಚಿಕೊಂಡು ಹೋಗುತ್ತದೆ, ದಡದ ಟ್ಯಾಂಕಿನಲ್ಲಿ ತೈಲ ಇದ್ದೇ ಇರುತ್ತದೆ. ತೇಲುವ ಟರ್ಮಿನಲ್ ಹೊರಟರೆ ಟ್ಯಾಂಕೇ ಹೊರಟ ಹಾಗೆ. ಅಂದಿನಿಂದ ಗ್ಯಾಸ್ ನಿಂತಿತು.

ಎಸ್‌ಪಿಎಂ ಕಲಿಸಿದ ಇನ್ನೊಂದು ಪಾಠ ನೋವಿನದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಪಾಯಕ್ಕೆ ಸಿಲುಕಿದ್ದು ದೊಡ್ಡ ಹಡಗಲ್ಲ. ಎಸ್‌ಪಿಎಂ ಕೆಲಸಕ್ಕೆ ಗುತ್ತಿಗೆಯಲ್ಲಿದ್ದ ಎರಡು ಟಗ್‌ಗಳು. ‘ಅಲಯನ್ಸ್’ ಮಗುಚಿ ಜೀವಹಾನಿ ಆಯಿತು, ಮೂವರು ಈಜಿ ದಡ ಸೇರಿದರು. ‘ಕೋರಮಂಡಲ್ ಸಪೋರ್ಟರ್-9’ ಮೂಲ್ಕಿ ಕಡೆಯ ಬಂಡೆಗೆ ಸಿಕ್ಕಿಹಾಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್‌ಗಾರ್ಡ್ ಸೇರಿ ಪಾರು ಮಾಡಿದವು. ಅದೇ ದಿನ ಮುಂಬೈ ಹೊರಗಡಲಲ್ಲಿ ಪಿ-305 ಬಾರ್ಜ್ ಲಂಗರು ಕಳಚಿಕೊಂಡು ಮುಳುಗಿ 70ಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆ ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಇತ್ತು.

ಪಶ್ಚಿಮ ಕರಾವಳಿಯ ಉಳಿದ ಕತೆಗಳು

ಮಹಾರಾಷ್ಟ್ರದ ದಾಭೋಲ್ ಟರ್ಮಿನಲ್ ನೋಡಿ. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯಕ್ಕೆ ಕಟ್ಟಿದ್ದು. ಆದರೆ ಬ್ರೇಕ್‌ವಾಟರ್ ಪೂರ್ತಿಯಾಗದ ಕಾರಣ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ಕಟ್ಟುವ ಹಾಗೇ ಇರಲಿಲ್ಲ. ಪ್ರತಿ ವರ್ಷ ತಿಂಗಳುಗಟ್ಟಲೆ ಬಂದ್. ಟ್ಯಾಂಕ್ ಇತ್ತು, ಯಂತ್ರ ಇತ್ತು, ಪೈಪ್ ಇತ್ತು. ಇಲ್ಲದಿದ್ದದ್ದು ಅಲೆಗೆ ಅಡ್ಡ ಒಂದು ಕಲ್ಲಿನ ಗೋಡೆ.

ರತ್ನಾಗಿರಿಯ ಜೈಗಢಕ್ಕೆ 2021ರ ಏಪ್ರಿಲ್‌ನಲ್ಲಿ ‘ಹೋಗ್ ಜೈಂಟ್’ ಎಂಬ ತೇಲುವ ಟರ್ಮಿನಲ್ ಬಂದೇ ಬಂತು. ಜೈಗಢದಿಂದ ಮಂಗಳೂರಿಗೆ ಪೈಪ್‌ಲೈನ್ ಎಳೆಯುವ ಯೋಚನೆಯೂ ಆ ಕಂಪನಿಗಿತ್ತು. ಆದರೆ ಯೋಜನೆ ನಿಲ್ಲಲಿಲ್ಲ. ಹಡಗು ಈಗ ಬ್ರೆಜಿಲ್‌ನ ಕೆಲಸಕ್ಕೆ ಹೋಗಿದೆ. ಬೇಗ ಬರುವ ಹಡಗು ಬೇಗ ಹೋಗಲೂಬಹುದು ಅನ್ನುವುದಕ್ಕೆ ಇದೇ ಉದಾಹರಣೆ.

ಬಾಂಗ್ಲಾದೇಶದ ಮಹೇಶ್‌ಖಾಲಿಯಲ್ಲಿ ತೆರೆದ ಕಡಲಲ್ಲೇ ಎರಡು ತೇಲುವ ಟರ್ಮಿನಲ್‌ಗಳಿವೆ. ಅಲ್ಲಿ ಹಡಗಿನ ಹೊಟ್ಟೆಗೆ ಕೆಳಗಿನಿಂದ ಬೋಯ್ ಬಂದು ಕೂರುತ್ತದೆ, ಹಡಗು ಅದರ ಸುತ್ತ ತಿರುಗುತ್ತದೆ. ಬೇಕಾದಾಗ ಬಿಚ್ಚಿಕೊಳ್ಳಬಹುದು. 2023ರ ಮೇಯಲ್ಲಿ ಮೋಖಾ ಚಂಡಮಾರುತ ಬಂದಾಗ ಅಲ್ಲಿಂದ ಗ್ಯಾಸ್ ಪೂರೈಕೆ ನಿಲ್ಲಿಸಬೇಕಾಯಿತು. ಹಡಗು ಉಳಿಯಿತು, ದೇಶದಲ್ಲಿ ಗ್ಯಾಸ್ ಮತ್ತು ಕರೆಂಟಿಗೆ ಹಾಹಾಕಾರ ಎದ್ದಿತು. ಮರುವರ್ಷ ರೆಮಲ್ ಚಂಡಮಾರುತದಲ್ಲಿ ತೇಲಿ ಬಂದ ಉಕ್ಕಿನ ಪಾಂಟೂನ್ ಒಂದು ಟರ್ಮಿನಲ್‌ಗೆ ಬಡಿಯಿತು. ಸಿಂಗಾಪುರಕ್ಕೆ ಹೋಗಿ ರಿಪೇರಿ ಮುಗಿಸಿ ಜುಲೈಯಲ್ಲಿ ವಾಪಸ್ ಬಂದರೆ ಮೂರಿಂಗ್‌ನಲ್ಲೇ ತೊಂದರೆ. ಮತ್ತೆ ಗ್ಯಾಸ್ ಕೊಡಲು ಸೆಪ್ಟೆಂಬರ್ ಆಯಿತು. ಚಂಡಮಾರುತ ಇದ್ದದ್ದು ಎರಡು ದಿನ, ಗ್ಯಾಸ್ ನಿಂತದ್ದು ಮೂರು ತಿಂಗಳಿಗೂ ಹೆಚ್ಚು.

ಮಂಗಳೂರಿಗೆ ಇರುವ ದಾರಿಗಳು

ಮೊದಲನೆಯದು ನವಮಂಗಳೂರು ಬಂದರಿನ ಒಳಗೆ. ಎರಡು ಬ್ರೇಕ್‌ವಾಟರ್‌ಗಳ ಹಿಂದೆ ನೀರು ಶಾಂತವಾಗಿರುತ್ತದೆ, ಕಟ್ಟುವ ಕೆಲಸ ಸುಲಭ. ತೊಂದರೆ ಜಾಗದ್ದು. ಎಲ್‌ಪಿಜಿ, ಪೆಟ್ರೋಲಿಯಂ, ಕಲ್ಲಿದ್ದಲು, ಕಂಟೈನರ್ ಎಲ್ಲ ಅಲ್ಲೇ. ಎಲ್‌ಎನ್‌ಜಿ ಹಡಗು ಒಳಗೆ ಬರುವಾಗ ಸುರಕ್ಷತೆಗಾಗಿ ಉಳಿದ ಹಡಗುಗಳ ಓಡಾಟಕ್ಕೆ ತಡೆ ಹಾಕಬೇಕು. ಒಂದೇ ಪ್ರವೇಶ ಕಾಲುವೆ ಇರುವ ಬಂದರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ಹೊರಗೆ ಹೊಸ ಜೆಟ್ಟಿ, ಅದಕ್ಕೊಂದು ಹೊಸ ಬ್ರೇಕ್‌ವಾಟರ್. ಇದಕ್ಕೆ ಕಲ್ಲೂ ಬೇಕು, ಹಣವೂ ಬೇಕು. ಆಗ ‘ಅಗ್ಗ, ಬೇಗ’ ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ. ಕಡಲಿಗೆ ಗೋಡೆ ಹಾಕಿದರೆ ಮರಳಿನ ಓಟ ಬದಲಾಗುತ್ತದೆ. ಒಂದು ಕಡೆ ತುಂಬಿದ ಮರಳು ಇನ್ನೊಂದು ಕಡೆ ಕೊರೆತವಾಗಿ ಕಾಣಿಸುತ್ತದೆ. ಉಳ್ಳಾಲದಲ್ಲೂ ಮೀನಕಳಿಯದಲ್ಲೂ ಮನೆ ಬಾಗಿಲಿಗೆ ಕಡಲು ಬಂದದ್ದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಮಹೇಶ್‌ಖಾಲಿ ಮಾದರಿ, ಹೊರಗಡಲಲ್ಲಿ ಬೋಯ್. ಹಡಗು ತಾನೇ ಗಾಳಿಗೆ ಮುಖ ಮಾಡಿ ನಿಲ್ಲುವುದರಿಂದ ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಎಲ್‌ಎನ್‌ಜಿ ತರುವ ಹಡಗು ಪಕ್ಕಕ್ಕೆ ಬಂದು ತಾಗಿಕೊಂಡು ನಿಲ್ಲಬೇಕಲ್ಲ? ಒಂದೂವರೆ, ಎರಡು ಮೀಟರ್ ಅಲೆಗೇ ಆ ಕೆಲಸ ಕಷ್ಟ. ಜೂನ್, ಜುಲೈಯಲ್ಲಿ ನಮ್ಮ ಹೊರಗಡಲಲ್ಲಿ ಮೂರು ಮೀಟರ್ ಅಲೆ ಮಾಮೂಲಿ. ಸುತ್ತಲಿನ ಜಾಗಕ್ಕೆ ಬೋಟ್‌ಗಳಿಗೆ ಪ್ರವೇಶ ನಿಷೇಧವೂ ಬರುತ್ತದೆ. ‘ಗ್ಯಾಸ್ ಬರ್ಲಿ ಮಾರಾಯ್ರೆ, ಬಲೆ ಎಲ್ಲಿ ಹಾಕುದು?’ ಅಂತ ಬೆಂಗ್ರೆ, ಸಸಿಹಿತ್ಲು ಕಡೆಯವರು ಕೇಳಿದರೆ ಅದು ಅಭಿವೃದ್ಧಿ ವಿರೋಧ ಅಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಉಳಿದ ಹತ್ತು ತಿಂಗಳ ದುಡಿಮೆಯಲ್ಲಿ ಜಾಗ ಎಷ್ಟು ಕಡಿಮೆಯಾಗುತ್ತದೆ ಎನ್ನುವುದು ಅವರಿಗೆ ಹೊಟ್ಟೆಪಾಡಿನ ಲೆಕ್ಕ.

ಬೇಕೋ, ಬೇಡವೋ?

ಟರ್ಮಿನಲ್ ಪರವಾದ ವಾದದಲ್ಲೂ ಹುರುಳಿದೆ. ಇವತ್ತು ಮಂಗಳೂರಿನ ಗ್ಯಾಸ್ ಒಂದೇ ಪೈಪಿನ ತುದಿಯಲ್ಲಿದೆ. ಕೇರಳದಲ್ಲಿ ಎಲ್ಲಾದರೂ ಅದು ತುಂಡಾದರೆ ಇಲ್ಲಿ ಪರ್ಯಾಯ ಇಲ್ಲ. ಕಾಸರಗೋಡಿನ ಚಂದ್ರಗಿರಿ ಹೊಳೆಯಡಿಯ ಒಂದೂವರೆ ಕಿ.ಮೀ. ಜೋಡಣೆಗೇ ಈ ಪೈಪ್‌ಲೈನ್ ಎಷ್ಟು ಕಾಲ ಕಾಯಬೇಕಾಯಿತು ಅನ್ನುವುದು ನೆನಪಿದೆ. ಅದೇ ಹೊತ್ತಿಗೆ, 2013ರಲ್ಲಿ ಶುರುವಾದ ಕೊಚ್ಚಿ ಟರ್ಮಿನಲ್ ತನ್ನ 50 ಲಕ್ಷ ಟನ್ ಸಾಮರ್ಥ್ಯವನ್ನು ಪೂರ್ತಿ ಬಳಸಲು ಗಿರಾಕಿ ಸಿಗದೆ ವರ್ಷಗಟ್ಟಲೆ ಒದ್ದಾಡಿದ್ದೂ ನಿಜ. ಎರಡನೇ ಟರ್ಮಿನಲ್‌ಗೆ ಗಿರಾಕಿ ಯಾರು ಅನ್ನುವುದು ಮೊದಲು ಗೊತ್ತಾಗಬೇಕು.

ಮುಂದೆ ಯಾವ ಕಂಪನಿಯೇ ಯೋಜನೆ ತಂದರೂ ಸಾರ್ವಜನಿಕ ಅಹವಾಲು ಸಭೆಯಲ್ಲಿ ಬರೀ ‘ಉದ್ಯೋಗ ಎಷ್ಟು, ಪರಿಹಾರ ಎಷ್ಟು’ ಅಂತ ಕೇಳಿ ಸುಮ್ಮನಾಗುವ ಹಾಗಿಲ್ಲ. ವರ್ಷದಲ್ಲಿ ಎಷ್ಟು ದಿನ ಹಡಗು ಕಟ್ಟಲು ಆಗುವುದಿಲ್ಲ? ಅದು ಹೊರಟ ದಿನ ಗ್ಯಾಸ್ ಎಲ್ಲಿಂದ? ಮೀನುಗಾರರಿಗೆ ಎಷ್ಟು ಜಾಗ ಮುಚ್ಚುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಬಿಚ್ಚಿ ಹೊರಡಿ ಅಂತ ಹೇಳುವ ಅಧಿಕಾರ ಯಾರದ್ದು? ಬಂದರು ಪ್ರಾಧಿಕಾರದ್ದೋ, ಕಂಪನಿಯದ್ದೋ, ಹಡಗಿನ ಕ್ಯಾಪ್ಟನ್‌ದ್ದೋ? ಟಗ್‌ನಲ್ಲಿರುವ ಗುತ್ತಿಗೆ ಕೆಲಸಗಾರರಿಗೂ ಆ ಆದೇಶ ಅನ್ವಯಿಸುತ್ತದೋ? ಸೆನ್ಸರ್ ಎಷ್ಟೇ ಇದ್ದರೂ ಆ ಪರದೆ ನೋಡಿ ತೀರ್ಮಾನ ತೆಗೆದುಕೊಳ್ಳುವವರ ಹೆಸರು ಕಾಗದದಲ್ಲಿ ಮೊದಲೇ ಇರಬೇಕು.

ಈ ಉತ್ತರಗಳು ಲಿಖಿತವಾಗಿ ಬಂದರೆ ಟರ್ಮಿನಲ್ ಬಗ್ಗೆ ಚರ್ಚೆ ಮಾಡಬಹುದು. ಬಾರದಿದ್ದರೆ, ಕೊಚ್ಚಿಯ ಪೈಪೇ ಸದ್ಯಕ್ಕೆ ಸಾಕು.