ಧನುಷ್ಕೋಡಿ ಸರಣಿ 3/4: ನರಪಿಳ್ಳೆನೂ ಇಲ್ಲದ ಫೋಟೊ

ಮೊನ್ನೆ ಹಾಕಿದ ಚರ್ಚ್ ಫೋಟೊ ನೋಡಿ ಕ್ಲಾಸಿನವರದೆಲ್ಲ ಒಂದೇ ಪ್ರಶ್ನೆ: "ಲೋ, ಒಂದು ನರಪಿಳ್ಳೆನೂ ಇಲ್ವಲ್ಲೋ, ಹೆಂಗ್ ಸಿಕ್ತು?" ನಿಜ ಹೇಳ್ತೀನಿ. ಜನ ಇದ್ರು. ಫೋಟೊದಲ್ಲಿ ಇಲ್ಲ, ಅಷ್ಟೇ.

ಸೂರ್ಯ ಹುಟ್ಟೋ ಹೊತ್ತಿಗೆ ಮರಳಲ್ಲಿ ಟ್ರೈಪಾಡ್ ಊರಿದ್ದೆ. ಗಾಳಿಗೆ ಮೊದಲನೇ ಶಾಟ್ ಪೂರ್ತಿ ಅಲುಗಾಡಿ ಹೋಯ್ತು. ಆಮೇಲೆ ಬ್ಯಾಗನ್ನೇ ಟ್ರೈಪಾಡಿಗೆ ನೇತುಹಾಕಿದೆ. ಲೆನ್ಸ್ ಮುಂದೆ 10 ಸ್ಟಾಪ್ ಎನ್‌ಡಿ ಫಿಲ್ಟರ್. ಅದು ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತೆ. 1/30 ಸೆಕೆಂಡಲ್ಲಿ ಮುಗಿಯೋ ಫೋಟೊಗೆ 30 ಸೆಕೆಂಡ್ ಶಟರ್ ತೆರೆದಿರಬೇಕು. ಅಷ್ಟರಲ್ಲಿ ನಿಂತಿದ್ದು ಉಳಿಯುತ್ತೆ, ನಡೆದಿದ್ದು ಅಳಿಸಿ ಹೋಗುತ್ತೆ. ಚಾವಣಿ ಇಲ್ಲದ ಗೋಡೆ ಉಳೀತು. ಮೋಡ ಹತ್ತಿ ಹಿಂಜಿದ ಹಾಗಾಯ್ತು. ಸೊಂಟದ ಮೇಲೆ ನೀರಿನ ಕೊಡ ಇಟ್ಕೊಂಡು ಫ್ರೇಮ್ ದಾಟಿದ ಅಮ್ಮ ಮಾಯ. ಚಿಪ್ಪಿನ ಸರ ಮಾರೋ ಅಂಗಡಿಗಳು ಬೀಳಬಾರದು ಅಂತ ಕ್ಯಾಮೆರಾ ತಿರುಗಿಸಿದ್ದು ನಾನೇ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಈ ಊರನ್ನೇ ಹೊಡೀತು. ಪ್ಯಾಸೆಂಜರ್ ರೈಲೇ ಅಲೆಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಹೋದ್ರು. ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಹೇಳಿದ ಮೇಲೂ ಮೀನುಗಾರರ ಕುಟುಂಬಗಳು ಅಲ್ಲೇ ಗುಡಿಸಲು ಹಾಕ್ಕೊಂಡು ಬದುಕ್ತಿವೆ. ನಾವು ಮಾತ್ರ ರಾಮೇಶ್ವರದಿಂದ ಜೀಪಲ್ಲಿ ಹೋಗಿ "ಭೂತಗಳ ಊರು" ಅಂತ ರೀಲ್ಸ್ ಹಾಕ್ತೀವಿ. ಚಂಡಮಾರುತ ಒಂದ್ಸಲ ಅಳಿಸಿದ್ದನ್ನ ನಾವು ದಿನಾ ಅಳಿಸ್ತಿದ್ದೀವಿ.

ಬಿಕಾಂ ಲೆಕ್ಕದಲ್ಲಿ ಇದು ಎಂಟ್ರಿ ಬಿಟ್ಟು ಬ್ಯಾಲೆನ್ಸ್ ಶೀಟ್ ಚೆಂದ ಮಾಡಿದ ಹಾಗೆ. ನೋಡೋಕೆ ಟ್ಯಾಲಿ, ಒಳಗೆ ಸುಳ್ಳು.

"ಫೋಟೊ ಅಂದ್ರೆ ಕಲೆ, ಇಷ್ಟ ಬಂದ ಹಾಗೆ ತೆಗೀಬಹುದು" ಅಂತೀರಾ? ಒಪ್ತೀನಿ. ಅಲೆ ಹಾಲಿನ ಹಾಗೆ ಕಾಣೋದು ನಂಗೂ ಇಷ್ಟ, ಲಾಂಗ್ ಎಕ್ಸ್‌ಪೋಷರ್ ಬಿಡಲ್ಲ. ಆದ್ರೆ ಜನ ಇರೋ ಊರನ್ನ ಖಾಲಿ ಅಂತ ತೋರಿಸಿದ್ರೆ, ಅದು ಶಟರ್ ಮಾಡಿದ ಕೆಲಸ ಅಂತ ಕ್ಯಾಪ್ಶನ್‌ನಲ್ಲಿ ಬರೀಬೇಕು. ಇನ್ಮೇಲೆ ನನ್ನ ರೂಲ್: 30 ಸೆಕೆಂಡಿನ ಒಂದು ಫೋಟೊ ಹಾಕಿದ್ರೆ, ಪಕ್ಕದಲ್ಲೇ ಮಾಮೂಲಿ ಶಟರಿಂದು ಒಂದು.

ಸ್ವೈಪ್ ಮಾಡಿ 👉 ಎರಡನೇದು 1/125. ಅಮ್ಮ ವಾಪಸ್ ಬರುವಾಗ ಫಿಲ್ಟರ್ ಬಿಚ್ಚಿದ್ದೆ. ನಂಗೆ ತಮಿಳು ಬರಲ್ಲ, ಸನ್ನೆಯಲ್ಲೇ ಕೇಳ್ದೆ. ಕೊಡ ಇಳಿಸದೇ ನಿಂತು, ತಲೆ ಆಡಿಸಿದ್ರು. ಮೋಡ ಸಪ್ಪೆ, ಬೆಳಕು ಸಾಧಾರಣ. ಆದ್ರೂ ಧನುಷ್ಕೋಡಿ ಅಂದ್ರೆ ಈಗ ನಂಗೆ ನೆನಪಾಗೋದು ಇದೇ.

ನಿಮ್ಮ "ಖಾಲಿ" ಫೋಟೊಗಳಲ್ಲಿ ಯಾರ್ಯಾರಿದ್ರು? ಕೆಳಗೆ ಬರೀರಿ.

#ಧನುಷ್ಕೋಡಿ #ಲಾಂಗ್‌ಎಕ್ಸ್‌ಪೋಷರ್ #ಕನ್ನಡಕ್ಯಾಪ್ಶನ್