ವಿರೂಪಾಕ್ಷನ ಗುಡಿಯ ಎರಡು ಬಿಂಬಗಳು

ಹೊಸಪೇಟೆಯಿಂದ ಹಂಪಿಗೆ ಶಾಲಾ ಪ್ರವಾಸ ಹೋದ ಮಕ್ಕಳು ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆ ನೋಡದೆ ಬರುವುದಿಲ್ಲ. ಅಲ್ಲಿ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಪವಾಡವೇನಲ್ಲ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ, ಕಿಂಡಿಯಲ್ಲಿ ತೂರಿದ ಗೋಪುರದ ತುದಿಯ ಕಿರಣ ಕೆಳಕ್ಕೂ ಬುಡದ ಕಿರಣ ಮೇಲಕ್ಕೂ ಬೀಳುತ್ತದೆ. ಸಂಶಯವಿದ್ದರೆ ಕಿಂಡಿಗೆ ಒಂದು ರಟ್ಟು ಅಡ್ಡ ಹಿಡಿಯಿರಿ, ಗೋಪುರ ಮಾಯ!

ಇದೇ ಗುಡಿಯಲ್ಲಿ ಇನ್ನೊಂದು ಬಿಂಬವೂ ಕಂಡಿತಂತೆ. 1940ರ ಸುಮಾರಿಗೆ ಪುಟ್ಟಪರ್ತಿಯ ಬಾಲಕ ಸತ್ಯನಾರಾಯಣ ರಾಜು ಮನೆಯವರೊಡನೆ ಹಂಪಿಗೆ ಬಂದು ಹೊರಗೇ ನಿಂತಿದ್ದಾಗ, ಗರ್ಭಗುಡಿಯೊಳಗೆ ಲಿಂಗದ ಜಾಗದಲ್ಲಿ ಅವನೇ ಕಂಡ ಎಂಬುದು ಭಕ್ತರ ನಂಬಿಕೆ. ಮುಂದೆ ಆ ಬಾಲಕನೇ ಸತ್ಯಸಾಯಿಬಾಬಾ. ಅವರ ಚರಿತ್ರೆ ಬರೆದವರು, ಒಂದು ಕಾಲಕ್ಕೆ 'ಅನರ್ಥಕೋಶ' ಬರೆದು ಕನ್ನಡಿಗರನ್ನು ನಗಿಸಿದ್ದ ನಾ. ಕಸ್ತೂರಿ! ಆದರೆ ಈ ಬಿಂಬಕ್ಕೆ ರಟ್ಟು ಅಡ್ಡ ಹಿಡಿಯುವುದೆಲ್ಲಿ?

ಹಿಡಿಯಲು ಹೊರಟವರು ಭೌತವಿಜ್ಞಾನದ ಮೇಷ್ಟ್ರು, ಡಾ. ಹೆಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಅವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಪಾಂಡವಪುರದ ಪುಟ್ಟ ಹುಡುಗನೊಬ್ಬ ವಿಭೂತಿ ಸೃಷ್ಟಿಸುತ್ತಾನೆಂಬ ಸುದ್ದಿ ಹಬ್ಬಿತ್ತು. ಸಮಿತಿಯವರು ಹೋಗಿ ನೋಡಿದರೆ ವಿಭೂತಿ ಅಂಗಿಯೊಳಗಿತ್ತು. ಬಾಬಾ ಅವರಿಗೆ ನರಸಿಂಹಯ್ಯ ಮೂರು ಪತ್ರ ಬರೆದರು: ಸಮಿತಿಯೆದುರು ಪವಾಡ ತೋರಿಸಿ. ಉಂಗುರವೇಕೆ, ಅಂಗೈಯಲ್ಲಿ ಅಡಗದ ಕುಂಬಳಕಾಯಿ ಬರಲಿ ಎಂಬುದು ಅವರ ಪ್ರಸಿದ್ಧ ಸವಾಲು. ವಿಜ್ಞಾನ ಇಂದ್ರಿಯಗಳಿಗೆ ನಿಲುಕುವುದನ್ನಷ್ಟೇ ವಿಚಾರಿಸಲಿ, ಅಧ್ಯಾತ್ಮ ಅದರಾಚೆಯದು ಎಂಬುದು ಬಾಬಾ ಅವರ ನಿಲುವು. ಸರಿ, ಆದರೆ ಬೆರಳಿಗೆ ತೊಡಿಸುವ ಉಂಗುರ ಇಂದ್ರಿಯಗಳಿಗೆ ನಿಲುಕುತ್ತದಲ್ಲ?

ಸರ್ಕಾರದ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎಂದು ಪೋಷಕರು ಕೇಳಬಹುದು. ಅದೇ 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯವಾಗಿಸಿತು. ಆಳುವವರ ದಾರಿಯೇ ಬೇರೆ: ಮಂತ್ರಿಗಳೂ ನ್ಯಾಯಮೂರ್ತಿಗಳೂ ಬಾಬಾ ದರ್ಶನಕ್ಕೆ ಸಾಲುಗಟ್ಟಿದರು. 1977ರಲ್ಲಿ ಸಮಿತಿಯೇ ಮುಗಿಯಿತು. 2011ರ ಏಪ್ರಿಲ್‌ನಲ್ಲಿ ಬಾಬಾ ಅಂತ್ಯಕ್ರಿಯೆ ಸಕಲ ಸರ್ಕಾರಿ ಗೌರವಗಳೊಂದಿಗೆ ನಡೆಯಿತು.

ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಅವರ ಸಂಸ್ಥೆ ಕುಡಿಯುವ ನೀರು ಕೊಟ್ಟಿದ್ದು ನಿಜ. ವೈಟ್‌ಫೀಲ್ಡ್ ಆಸ್ಪತ್ರೆಯಲ್ಲಿ ಉಚಿತವಾಗಿ ಹೃದಯ ಶಸ್ತ್ರಚಿಕಿತ್ಸೆ ಮಾಡುವುದೂ ನಿಜ. ಅದನ್ನು ನರಸಿಂಹಯ್ಯನವರು ಪರೀಕ್ಷೆಗೆ ಕರೆದಿರಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಅವರು 2005ರಲ್ಲಿ ತೀರಿಕೊಂಡರು. ಬಾಬಾ ಅವರು ಸಮಿತಿಯ ಮುಂದೆ ಬಂದಿರಲೇ ಇಲ್ಲ.