ಒತ್ತು, ಹಿಡಿ, ಬಿಡು

ಶಿಕಾಗೋ, ಡೆಟ್ರಾಯ್ಟ್ ಸುತ್ತಮುತ್ತ ಚಳಿಗಾಲ ಮುಗಿದ ಮೇಲೆ ಕಾರಿನ ಚಕ್ರ ಬಿಚ್ಚಿದವರಿಗೆ ಮೊದಲು ಕಾಣುವುದು ತುಕ್ಕು. ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ತಿಂಗಳುಗಟ್ಟಲೆ ಸಂದಿಗೊಂದಿಯಲ್ಲಿ ಕೂತು ಕಬ್ಬಿಣವನ್ನು ತಿಂದಿರುತ್ತದೆ. ಡೆಟ್ರಾಯ್ಟಿಗಂತೂ ಉಪ್ಪು ದೂರದಿಂದ ಬರಬೇಕಾಗಿಲ್ಲ. ಊರಿನ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ, ನೂರು ವರ್ಷ ದಾಟಿದ ಉಪ್ಪಿನ ಗಣಿ ಇದೆ. ಹಳೆ ಕಾರನ್ನು “ಮಗಳು ಡ್ರೈವಿಂಗ್ ಕಲಿಯೋಕೆ ಆಗುತ್ತೆ” ಎಂದು ಉಳಿಸಿಕೊಂಡ ಮನೆಗಳಲ್ಲಿ ಬ್ರೇಕ್ ರಿಪೇರಿ ಏಪ್ರಿಲ್ ತಿಂಗಳ ಕೆಲಸ. ಇಲಿನಾಯ್‌ನಲ್ಲಿ 15ಕ್ಕೆ ಪರ್ಮಿಟ್ ಸಿಗುತ್ತದೆ. ಅಂದಮೇಲೆ ಆ ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ಮೊದಲು ತಿಳಿಯಬೇಕಾದವಳು ಆ ಮಗಳೇ.

ಈ ಸಲ ಅಂಕಣ ಡ್ರೈವ್‌ವೇಗೆ ಇಳಿದಿರುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ತಪ್ಪು ಅವರದಲ್ಲ. “ಊಟಕ್ಕೆ ಬಾ” ಎಂದಾಗ “ಕಮಿಂಗ್” ಎಂದರೂ ಊಟ ಸಿಗುತ್ತದೆ. ವಿದ್ಯಾರಣ್ಯ ಕನ್ನಡ ಕೂಟದಲ್ಲೋ ಪಂಪ ಕನ್ನಡ ಕೂಟದಲ್ಲೋ ವೇದಿಕೆ ಹತ್ತಿದಾಗ ಬಾಯಿಪಾಠ ಮಾಡಿದ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಆಡಿದ ಮಾತನ್ನು ಒಬ್ಬರು ನಂಬಿ ಕೈ ಆಡಿಸಬೇಕು, ಮಾತು ತಪ್ಪಿದರೆ ಕೆಲಸ ಕೆಡಬೇಕು. ಅಂಥ ಸಂದರ್ಭ ಮನೆಯಲ್ಲಿ ಅಪರೂಪ. ಬ್ರೇಕಿನ ಗಾಳಿ ತೆಗೆಯುವುದು ಅಂಥದೊಂದು ಕೆಲಸ.

ಪ್ಯಾಡ್ ಬದಲಾಯಿಸಲು ಒಬ್ಬರೇ ಸಾಕು. ಬ್ರೇಕ್ ಆಯಿಲ್ ಹಳತಾಗಿ ಬದಲಾಯಿಸುವಾಗ, ಅಥವಾ ಕ್ಯಾಲಿಪರ್ ಹೊಸದು ಹಾಕಿದಾಗ, ಇಬ್ಬರು ಬೇಕು. ನಾವು ಪೆಡಲ್ ಒತ್ತಿದ ಬಲವನ್ನು ಚಕ್ರದವರೆಗೆ ಒಯ್ಯುವುದು ಕೊಳವೆಯೊಳಗಿನ ಆ ಆಯಿಲ್. 1924ರ ಕ್ರೈಸ್ಲರ್ ಸಿಕ್ಸ್ ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕ್ ಹೊತ್ತು ಬಂತು. ಫೋರ್ಡ್ ಅದಕ್ಕೆ ಒಪ್ಪಿದ್ದು 1939ರ ಕಾರುಗಳಲ್ಲಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದು ಗುಳ್ಳೆ ಒಳಗೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ.

ಕೆಲಸ ಹೀಗೆ. ಎಂಜಿನ್ ಆಫ್. ಮಗಳು ಸೀಟಿನಲ್ಲಿ, ಅಪ್ಪನೋ ಅಮ್ಮನೋ ಚಕ್ರದ ಹತ್ತಿರ. ಕ್ಯಾಲಿಪರ್ ಹಿಂದಿನ ಸಣ್ಣ ಸ್ಕ್ರೂಗೆ ಪಾರದರ್ಶಕ ಟ್ಯೂಬ್, ಅದರ ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

“ಒತ್ತು.”
“ಒತ್ತಿದೆ.”
“ಹಿಡಿ.”
“ಹಿಡಿದಿದೀನಿ.”

ಈಗ ಸ್ಕ್ರೂ ಸಡಿಲಿಸಬೇಕು. ಆಯಿಲ್ ಗುಳ್ಳೆಗಳ ಜೊತೆ ಹೊರಬರುತ್ತದೆ, ಪೆಡಲ್ ತಾನಾಗಿ ಕೆಳಗಿಳಿಯುತ್ತದೆ. ಮಗಳು ಕಾಲು ಎತ್ತಬಾರದು. ಸ್ಕ್ರೂ ಬಿಗಿ ಮಾಡಿದ ಮೇಲೆಯೇ “ಬಿಡು”. ಅವಳು “ಬಿಟ್ಟೆ” ಎಂದ ಮೇಲೆ ಮುಂದಿನ ಸುತ್ತು. ಸ್ಕ್ರೂ ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮಧ್ಯೆ ಮಧ್ಯೆ ಡಬ್ಬಿಯಲ್ಲಿ ಆಯಿಲ್ ಇಳಿದಿದೆಯೇ ನೋಡುತ್ತಿರಬೇಕು. ಅದು ಖಾಲಿಯಾದರೂ ಅದೇ ಗತಿ.

ಇಲ್ಲಿ ಕನ್ನಡದ ಒಂದು ಸ್ವಭಾವ ಗಮನಿಸಿ. ನಮ್ಮಲ್ಲಿ ‘ಬೇಡ’ ಬರುವುದು ಕೊನೆಗೆ. “ಬಿಡಬೇಡ” ಎಂದು ಕೂಗಿದರೆ ಕಾರಿನೊಳಗೆ ಕೂತ ಮಗುವಿಗೆ ಮೊದಲು ಕೇಳುವುದು “ಬಿಡ”. ಉಳಿದದ್ದು ಕೇಳುವಷ್ಟರಲ್ಲಿ ಕಾಲು ಎದ್ದಿರುತ್ತದೆ. ಇಂಗ್ಲಿಷಿನ ‘ಡೋಂಟ್’ ಮೊದಲೇ ಬಂದು ಎಚ್ಚರಿಸುತ್ತದೆ, ಆ ಕಿವಿಗೆ ಒಗ್ಗಿದ ಮಕ್ಕಳು ಕೊನೆಯವರೆಗೆ ಕಾಯುವುದಿಲ್ಲ. ಅದಕ್ಕೇ ಇಲ್ಲಿ “ಬಿಡಬೇಡ” ಎನ್ನುವ ಮಾತೇ ಬೇಡ, “ಹಿಡಿ” ಎನ್ನಿ. ಒಲೆಯ ಮುಂದೆ, ರಸ್ತೆ ದಾಟುವಾಗಲೂ ಇದೇ: “ಓಡಬೇಡ” ಎನ್ನುವುದಕ್ಕಿಂತ “ನಿಲ್ಲು” ಬೇಗ ತಲುಪುತ್ತದೆ.

ಇನ್ನೊಂದು, ಉತ್ತರದ ರೂಪ. “ಹಿಡಿದೆ” ಎಂದರೆ ಆಗಿಹೋಯಿತು. ಈಗ ಕಾಲು ಎಲ್ಲಿದೆಯೋ ಹೇಳಲಾಗದು. “ಹಿಡಿದಿದೀನಿ” ಎಂದರೆ ಈಗಲೂ ಹಿಡಿದೇ ಇದ್ದಾಳೆ. ಪುಸ್ತಕದಲ್ಲಿ ಮಕ್ಕಳು ಆಕಳಿಸುವ ಈ ವ್ಯತ್ಯಾಸ ಇಲ್ಲಿ ಎರಡೇ ಸುತ್ತಿನಲ್ಲಿ ಕೂತುಬಿಡುತ್ತದೆ. ಕೊನೆಯ ಚಕ್ರದ ಹೊತ್ತಿಗೆ ಪಾತ್ರ ಬದಲಿಸಿ: ಮಗಳು ಕೆಳಗೆ ಕೂತು ಸ್ಕ್ರೂ ತಿರುಗಿಸಲಿ, ನೀವು ಪೆಡಲ್ ಒತ್ತಿ. ಅವಳು “ಒತ್ತಿ, ಅಪ್ಪಾ” ಎಂದು ಆಜ್ಞೆ ಕೊಡಲಿ. ಬಹುವಚನವೂ ಬಂತು, ಅಧಿಕಾರವೂ ಬಂತು.

ಕ್ಯಾಲಿಪರ್, ಪ್ಯಾಡ್, ಜ್ಯಾಕ್ ಇವಕ್ಕೆ ಕನ್ನಡ ಪದ ಹುಡುಕುತ್ತ ಕೂರಬೇಡಿ. ಊರಿನ ಗ್ಯಾರೇಜಿನಲ್ಲೂ ಅವು ಹಾಗೇ ಇವೆ. ಕ್ರಿಯಾಪದ ಕನ್ನಡದ್ದಾಗಿದ್ದರೆ ವಾಕ್ಯ ಕನ್ನಡದ್ದೇ.

ಎಚ್ಚರಿಕೆಗಳು ಸಲಿಗೆಯಿಲ್ಲದೆ: ನೆಲ ಸಮವಾಗಿರಲಿ, ಎತ್ತದ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಬರೀ ಜ್ಯಾಕ್ ನಂಬಬೇಡಿ. ಕಾರನ್ನು ಸ್ಟ್ಯಾಂಡ್ ಮೇಲೆ ಇಳಿಸಿ, ತಳ್ಳಿ ನೋಡಿ, ಆಮೇಲೆ ಮಗುವನ್ನು ಕರೆಯಿರಿ. ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಅದು ವಿಷ, ಪೇಂಟನ್ನೂ ತಿನ್ನುತ್ತದೆ. ಕೈಗವಸು, ಕನ್ನಡಕ ಇರಲಿ. ಪ್ಯಾಡಿನ ಪುಡಿಯನ್ನು ಊದಬೇಡಿ. ಲೋಹದ ಕೊಳವೆಗೆ ತುಕ್ಕು ಹಿಡಿದಿದ್ದರೆ, ಸ್ಕ್ರೂ ಜಗ್ಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಮೊದಲ ಸಲ ಮಾಡುವವರು ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೊನೆಗೆ ಪೆಡಲ್ ಗಟ್ಟಿಯಾಗಿ ಮೇಲೆಯೇ ನಿಲ್ಲಬೇಕು. ಮೆತ್ತಗಿದ್ದರೆ ಕಾರು ಕದಲಬಾರದು.

ಕಾಲು ಪೆಡಲಿಗೆ ಎಟುಕದ ಪುಟಾಣಿಗಳಿಗೆ ಔಷಧಿ ಕುಡಿಸುವ ಎರಡು ಸಿರಿಂಜು, ಮಧ್ಯೆ ಒಂದು ಸಣ್ಣ ಟ್ಯೂಬ್ ಸಾಕು. ನೀರು ತುಂಬಿ ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಮೇಲೇಳುತ್ತದೆ. ಆಮೇಲೆ ಒಳಗೆ ದೊಡ್ಡ ಗಾಳಿಗುಳ್ಳೆ ಬಿಟ್ಟು ಒತ್ತಿಸಿ. ಏನಾಯಿತು ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ಈ ತಿಂಗಳ ಪದಗಳು: ಒತ್ತು, ಹಿಡಿ, ಬಿಡು, ಬಿಚ್ಚು, ಬಿಗಿ ಮಾಡು, ಸಡಿಲಿಸು, ತುಕ್ಕು, ಗುಳ್ಳೆ, ಸೋರು, ಸವೆ. ಕೊನೆಯ ಪದವನ್ನು ಹಳೆ ಪ್ಯಾಡ್, ಹೊಸ ಪ್ಯಾಡ್ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ ಹೇಳಿ.